ಡಬ್ಬಿಗೆ ಹೋದ ಹನ್ನೆರಡು

ನಮ್ಮ ಯಜಮಾನರು ಲಾಂಡ್ರಿಯ ವ್ಯಾನನ್ನು ರಿಪೇರಿಗೆ ಕೊಟ್ಟು ಆರು ದಿನವಾಗಿತ್ತು. ಏಳನೆಯ ದಿನ ಮಧ್ಯಾಹ್ನ ಬೀದಿಯ ತುದಿಯಲ್ಲಿ ಗಾಡಿ ತಿರುಗಿದ ಸದ್ದು ಕೇಳಿಸಿತು. ನಮ್ಮ ವ್ಯಾನಿರಲಾರದು ಅಂದುಕೊಂಡೆ. ನಮ್ಮದು ಹಳೇ ಬೀಡಿ ಸೇದುವವನ ಹಾಗೆ ಕೆಮ್ಮುತ್ತ ಬರುವ ಗಾಡಿ. ಇದು ಹಾಲು ಕುಡಿದ ಬೆಕ್ಕಿನ ಹಾಗೆ ಗುರುಗುಟ್ಟುತ್ತ ಬಂದು ನಮ್ಮ ಬಾಗಿಲಲ್ಲೇ ನಿಂತಿತು. ಯಜಮಾನರು ಇಳಿದು ಬಂದು ಇಸ್ತ್ರಿ ಮೇಜಿನ ಮೇಲೆ ಒಂದು ಹಾಲಿನ ಪುಡಿ ಡಬ್ಬಿ ಇಟ್ಟರು. ಮುಚ್ಚಳ ತೆಗೆದೆ. ಒಳಗೆ ಎರಡು ಸ್ಪ್ರಿಂಗು, ಒಂದು ಸೊಟ್ಟ ತಗಡು, ನಾಲ್ಕು ಕೊಂಡಿ, ಎರಡು ಕೊಳವೆ ತುಂಡು. ಒಟ್ಟು ಒಂಬತ್ತು.

ಇದೇನು ಎಂದು ಕೇಳಿದೆ.

“ನಮ್ಮ ಎಂಜಿನ್ನಲ್ಲಿ ಜಾಸ್ತಿ ಇದ್ದದ್ದು. ಹೊಸ ಮೇಸ್ತ್ರಿ ತೆಗೆದು ಕೊಟ್ಟ” ಎಂದರು, ಹಲ್ಲು ಕೀಳಿಸಿಕೊಂಡು ಬಂದವನು ಹಲ್ಲು ತೋರಿಸುವ ಹಾಗೆ.

ನಾನು ಗಿರಾಕಿಯ ಅಂಗಿ ಬಿಚ್ಚಿ ಮತ್ತೆ ಹೊಲಿದು, ಕೊನೆಗೆ ಒಂದು ತೋಳು ಕೈಯಲ್ಲಿ ಉಳಿದರೆ ಅದು ಜಾಸ್ತಿ ಇತ್ತು ಅನ್ನಲೇ ಎಂದು ಕೇಳಿದೆ. ಅವರು ವ್ಯಾನಿನ ಕಡೆ ಕೈ ತೋರಿಸಿದರು. ಓಡ್ತಿದೆಯಲ್ಲ, ಅನ್ನುವಂತೆ. ಆಮೇಲೆ ಹತ್ತು ವರ್ಷ ಆ ಮೇಸ್ತ್ರಿಯ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತರೂ ಅದಕ್ಕೊಂದು ಮರುಮಾತು ಸಿಗಲಿಲ್ಲ.

ಮೇಸ್ತ್ರಿಯ ಲೆಕ್ಕಾಚಾರ ಹೀಗಿತ್ತು. ಎಂಜಿನ್ ಮಾಡುವ ಕಂಪನಿಯವರಿಗೆ ಪುಕ್ಕಲು ಜಾಸ್ತಿ. ಒಂದು ಬೋಲ್ಟು ಸಾಕಾಗುವ ಕಡೆ ಹೆದರಿ ಎರಡು ಹಾಕುತ್ತಾರೆ, ಎರಡನೆಯದು ಸಡಿಲವಾದೀತೆಂದು ಅದಕ್ಕೊಂದು ಕೊಂಡಿ, ಕೊಂಡಿ ಅಲುಗೀತೆಂದು ಅದಕ್ಕೊಂದು ತಗಡು. ಆ ಹೆದರಿಕೆಯನ್ನೆಲ್ಲ ಬಿಚ್ಚಿ ತೆಗೆದರೆ ಉಳಿಯುವುದೇ ಎಂಜಿನ್ನು. ತೆಗೆದದ್ದನ್ನು ಅವನು ಬಿಸಾಡುತ್ತಿರಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಡಬ್ಬಿಗೆ ಹಾಕಿ, ಗಾಡಿಯವರ ಕೈಗೆ ಕೊಡುತ್ತಿದ್ದ. ಎಷ್ಟಿದೆ ಎಂದು ಮಾತ್ರ ಎಣಿಸುತ್ತಿರಲಿಲ್ಲ. ಬೇಡವೆಂದು ಬಿಟ್ಟದ್ದನ್ನು ಎಣಿಸುವುದು ಸಣ್ಣಬುದ್ಧಿ ಅನ್ನುತ್ತಿದ್ದ.

ಅವನು ಎಣಿಸದಿದ್ದರೇನು, ಊರೇ ಎಣಿಸುತ್ತಿತ್ತು. ಬರಬರುತ್ತ ಆ ಡಬ್ಬಿಗಳು ಜನರ ಮನೆಯ ಶೋಕೇಸಿಗೆ ಬಂದವು. ನಮ್ಮದು ಒಂಬತ್ತು, ನಿಮ್ಮದೆಷ್ಟು ಎಂದು ಕೇಳುವುದು ಮಾಮೂಲಾಯಿತು. ಔಷಧಿ ಅಂಗಡಿಯವನ ಕಾರಿನಿಂದ ಮೂರೇ ಹೊರಬಿದ್ದವು. ಅವನು ಗ್ಯಾರೇಜಿಗೆ ಬಂದು, ನನ್ನ ಗಾಡಿ ಎಂದರೆ ಇಷ್ಟೇನಾ, ಸರಿಯಾಗಿ ನೋಡಿದ್ದೀಯಾ ಎಂದು ಜಗಳಕ್ಕೇ ನಿಂತನಂತೆ.

ನಮ್ಮ ಯಜಮಾನರು ತೀರಿಕೊಂಡ ಮೇಲೆ ಲಾಂಡ್ರಿ ಮುಚ್ಚಿತು. ಮೇಸ್ತ್ರಿ ಅವರನ್ನು ಅಣ್ಣ ಎಂದು ಕರೆಯುತ್ತಿದ್ದ, ಹಾಗಾಗಿ ನಾನು ಅತ್ತಿಗೆ. ಒಂದು ದಿನ ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಂತ. ಇನ್ನೂರು ಬಟ್ಟೆ ಬಂದರೂ ಚೀಟಿ ಅಂಟಿಸದೆ ಯಾವುದು ಯಾರದ್ದು ಎಂದು ಹೇಳುತ್ತಿದ್ದಿರಲ್ಲ, ಆ ತಲೆ ಈಗ ಸುಮ್ಮನೆ ಕೂತಿದೆಯಲ್ಲ ಎಂದ. ಬಿಚ್ಚುವಾಗ ಅವನಿಗೆ ಹುರುಪು, ಜೋಡಿಸುವಾಗ ಯಾವುದು ಎಲ್ಲಿತ್ತು ಎಂಬುದು ಮರೆತುಹೋಗುತ್ತಿತ್ತು. ಬರೆದಿಟ್ಟುಕೋ ಎಂದರೆ ಎಣ್ಣೆಗೈಯಲ್ಲಿ ಹೇಗೆ ಎನ್ನುತ್ತಿದ್ದ. ನಾನೋ ನಾಲ್ಕನೇ ಕ್ಲಾಸಿಗೆ ಬಿಟ್ಟವಳು, ಬರೆಯುವಷ್ಟರಲ್ಲಿ ಎಂಜಿನ್ನಿಗೆ ತುಕ್ಕು ಹಿಡಿದೀತು. ನೋಡಿದರೆ ಮಾತ್ರ ಮರೆಯುವವಳಲ್ಲ.

ಹೀಗೆ ನನ್ನ ಕೆಲಸ ಶುರುವಾಯಿತು. ಲಾಂಡ್ರಿಯಲ್ಲಿ ಯಾರೂ ಬಂದು ಒಯ್ಯದೆ ಉಳಿದಿದ್ದ ಬಿಳೀ ಹಾಸನ್ನು ನೆಲಕ್ಕೆ ಹಾಸುತ್ತಿದ್ದೆ. ಅವನು ಒಂದೊಂದಾಗಿ ಬಿಚ್ಚಿ ಕೊಡುತ್ತಿದ್ದ, ನಾನು ಸಾಲಾಗಿ ಇಡುತ್ತಿದ್ದೆ. ಆ ಸಾಮಾನುಗಳ ಹೆಸರು ನನ್ನ ನಾಲಿಗೆಗೆ ಹತ್ತುವಂಥವಲ್ಲ. ನಾನೇ ಹೆಸರಿಟ್ಟೆ. ನೀರು ಬಿಸಿಯಾಗುವ ತನಕ ಬಾಗಿಲಿಗೆ ಅಡ್ಡ ನಿಂತು ರೇಡಿಯೇಟರಿಗೆ ಹೋಗಲು ಬಿಡದ ಒಂದು ಬಿಲ್ಲೆ ಇರುತ್ತದೆ. ಅದು ನಮ್ಮ ಮಾವನವರು. ಒಂದನ್ನೊಂದು ಉಜ್ಜುತ್ತ, ಒಂದನ್ನೊಂದು ಬಿಟ್ಟಿರಲಾರದ ಎರಡು ಚಕ್ರಗಳು ಓರಗಿತ್ತಿಯರು. ಸೈಲೆನ್ಸರ್ ಕೊಳವೆಯ ಬಿಸಿ ಮೇಲಕ್ಕೆ ಬರದಂತೆ ಹರಡಿಕೊಂಡು ಕೂತ ತಗಡು ಸೋದರತ್ತೆ. ಎಲ್ಲಿ ನೋಡಿದರೂ ಮಧ್ಯದಲ್ಲಿ ತೂರಿಕೊಂಡಿರುವ ವಾಷರುಗಳು ನಾದಿನಿಯರು.

ಎಲ್ಲ ಸಾಲಾದ ಮೇಲೆ ವಿಚಾರಣೆ. ಮೇಸ್ತ್ರಿ ಒಂದು ಲೋಟ ಚಹಾ ಹಿಡಿದು ಕುಳಿತು ಒಂದೊಂದನ್ನೇ ಎತ್ತಿ, ನೀನು ಯಾಕೆ ಎಂದು ಕೇಳುವನು. ಲೋಟ ಖಾಲಿಯಾಗುವುದರೊಳಗೆ ಅದರ ಪರವಾಗಿ ಯಾರಾದರೂ ಒಂದು ಕಾರಣ ಹೇಳಬೇಕು. ಇಲ್ಲದಿದ್ದರೆ ಡಬ್ಬಿಗೆ. ತಿರುಗುವುದು ಉಳಿಯುತ್ತದೆ. ತಿರುಗುವುದನ್ನು ಹಿಡಿದುಕೊಂಡಿರುವುದೂ ಉಳಿಯುತ್ತದೆ. ಹಿಡಿದುಕೊಂಡಿರುವುದನ್ನು ಹಿಡಿದುಕೊಂಡಿರುವವರ ಮೇಲೆ ಅವನಿಗೆ ಅನುಮಾನ. ಬ್ರೇಕಿನ ತಂಟೆಗೆ ಮಾತ್ರ ಹೋಗುತ್ತಿರಲಿಲ್ಲ, ಅಷ್ಟು ಬುದ್ಧಿ ಇತ್ತು. ನಾನು ನಾದಿನಿಯರ ಪರ ಎಂದೂ ಬಾಯಿ ಬಿಟ್ಟವಳಲ್ಲ. ಓರಗಿತ್ತಿಯರ ಪರವಾಗಿ ಎರಡು ಸಲ ವಾದಿಸಿ ಗೆದ್ದಿದ್ದೇನೆ.

ಬೇರೆಯವರ ಗಾಡಿಯಲ್ಲಿ ಇಷ್ಟು ಧೈರ್ಯವಾಗಿದ್ದವನು ತನ್ನ ಅಕ್ಕನ ಸುದ್ದಿ ಬಂದರೆ ಸ್ಪ್ಯಾನರು ಕೆಳಗಿಡುತ್ತಿದ್ದ.

ಅಕ್ಕ ಎರಡು ಬೀದಿ ಆಚೆ ಇದ್ದರು. ಶಾಲೆಯಲ್ಲಿ ಹೆಡ್ ಟೀಚರಾಗಿ ನಿವೃತ್ತರಾದವರು. ತಾಯಿ ಹೋದ ಮೇಲೆ ಇವನನ್ನು ಸ್ನಾನ ಮಾಡಿಸಿ, ಬಾಚಿ, ಬೈದು ಬೆಳೆಸಿದ್ದು ಅವರೇ. ಅವರ ಯಜಮಾನರು, ಅಂದರೆ ಇವನ ಭಾವ, ತೂಕದ ಬಟ್ಟುಗಳನ್ನು ಪರೀಕ್ಷೆ ಮಾಡುವ ಸರ್ಕಾರಿ ಕಚೇರಿಯಲ್ಲಿದ್ದರು. ತಕ್ಕಡಿಯಲ್ಲಿ ಕೂದಲೆಳೆ ಹೆಚ್ಚಿದ್ದರೂ ಬಿಡದ ಮನುಷ್ಯ. ನಾನು ಗ್ಯಾರೇಜಿಗೆ ಸೇರುವ ಒಂದು ವರ್ಷ ಮೊದಲು ಅವರು ತಮ್ಮ ಕಾರನ್ನು ಮೇಸ್ತ್ರಿಗೆ ಕೊಟ್ಟರು. ಇವನು ಪ್ರೀತಿ ಹೆಚ್ಚಾಗಿ ಕೇಳದೆಯೇ ಕೈ ಬಿಚ್ಚಿ ತೆಗೆದ. ಕಾರು ಹಗುರಾಗಿ ಓಡಿತು. ಭಾವ ಡಬ್ಬಿ ನೋಡಿ ಕೆಂಡವಾದರು. ಇಡಿಯಾಗಿ ಕೊಟ್ಟದ್ದನ್ನು ಇಡಿಯಾಗಿ ವಾಪಸ್ಸು ಕೊಡಬೇಕು, ಇದು ರಿಪೇರಿಯಲ್ಲ, ಕಡಿಮೆ ತೂಕ ಎಂದರು. ಮನೆಗೆ ಹೋಗಿ ಡಬ್ಬಿಯ ಮುಚ್ಚಳದ ಮೇಲೆ ತಮ್ಮ ಮುತ್ತಿನಂಥ ಅಕ್ಷರದಲ್ಲಿ ‘ಹೊರಗುಳಿದವು: ಹನ್ನೆರಡು’ ಎಂದು ಬರೆದರು. ಅಕ್ಕ ಗಂಡನ ಪಕ್ಷ. ಈ ಹನ್ನೆರಡೂ ಒಳಗೆ ಹೋಗುವ ತನಕ ನಿನ್ನ ಹೊಸ್ತಿಲು ತುಳಿಯುವುದಿಲ್ಲ, ನಿನ್ನ ಮನೆಯಲ್ಲಿ ಒಂದು ತುತ್ತು ಬಾಯಿಗಿಡುವುದಿಲ್ಲ ಎಂದು ಹೇಳಿಕಳಿಸಿದರು.

ಅವನ ಮನೆಯೆಂದರೆ ಗ್ಯಾರೇಜಿನ ಹಿಂದಿನ ಒಂದು ಕೋಣೆ. ಮದುವೆ ಮಾಡಿಕೊಂಡಿರಲಿಲ್ಲ. ಒಂದು ಮಂಚ, ಒಂದು ಸ್ಟವ್, ಒಂದು ಮೇಜು, ಎರಡು ಕುರ್ಚಿ. ಎರಡನೆಯ ಕುರ್ಚಿಯ ಮೇಲೆ ಯಾರನ್ನೂ ಕೂರಿಸುತ್ತಿರಲಿಲ್ಲ. ನಾನು ಒಂದು ಸಲ ಚೀಲ ಇಟ್ಟೆ, ಎತ್ತಿ ನೆಲಕ್ಕಿಟ್ಟ. ಅದು ಯಾರಿಗೆಂದು ಕಾದಿದೆ ಎಂದು ಆಗ ನನಗೆ ಅರ್ಥವಾಯಿತು.

ಒಂಬತ್ತು ವರ್ಷ ಹೀಗೇ ಹೋಯಿತು. ನಡುವೆ ಭಾವ ತೀರಿಕೊಂಡರು. ಇವನು ಹೋಗಿ ಬೀದಿಯಲ್ಲಿ ನಿಂತು ಬಂದ. ಆಮೇಲೆ ಒಂದು ಸೋಮವಾರ ಅಕ್ಕನ ಕಾರನ್ನು ತಳ್ಳಿಕೊಂಡು ನಾಲ್ಕು ಜನ ಬಂದರು. ಅದು ನಿಂತುಹೋಗಿತ್ತು. ಮುಂದಿನ ಸೀಟಿನ ಮೇಲೆ ಡಬ್ಬಿ, ಡಬ್ಬಿಗೆ ಸುತ್ತಿದ ಚೀಟಿ. ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಬೇಕು, ಹನ್ನೆರಡೂ ಒಳಗೆ ಹೋಗಬೇಕು, ಶನಿವಾರ ಹತ್ತು ಗಂಟೆಗೆ ಬರುತ್ತೇನೆ, ಲಾಂಡ್ರಿಯಮ್ಮ ಸಾಕ್ಷಿ ಹೇಳಲಿ. ಹಿಂದೆ ಅವರ ಒಂದು ಕರ್ಚೀಫನ್ನು ನಾನು ಇಸ್ತ್ರಿಯಲ್ಲಿ ಸುಟ್ಟಿದ್ದೆ. ಅವರಿಗೆ ಅದು ಕಾಣೆಯಾದದ್ದೇ ಗೊತ್ತಿರಲಿಲ್ಲ, ನಾನೇ ಹೋಗಿ ಹೇಳಿದ್ದೆ. ಅಂದಿನಿಂದ ಅವರಿಗೆ ನನ್ನ ಮಾತೆಂದರೆ ಮೊಹರು ಒತ್ತಿದ ಹಾಗೆ.

ಮೇಸ್ತ್ರಿ ಆ ಚೀಟಿಯನ್ನು ನನ್ನಿಂದ ಎರಡು ಸಲ ಓದಿಸಿದ. ಆಮೇಲೆ ಹೋಗಿ ಎರಡನೆಯ ಕುರ್ಚಿಯನ್ನು ಒರೆಸಿದ.

ಬಿಚ್ಚಿದೆವು. ಬಿಳೀ ಹಾಸಿನ ಮೇಲೆ ಎಂಜಿನ್ನಿನ ಸಂಸಾರ ಒಂದು ಕಡೆ, ಡಬ್ಬಿಯ ಹನ್ನೆರಡು ಇನ್ನೊಂದು ಕಡೆ. ಬದುಕಿನಲ್ಲಿ ಮೊದಲ ಸಲ ಅವನು ತೆಗೆದದ್ದನ್ನು ಹಾಕಬೇಕಿತ್ತು. ಒಂದು ಕೊಂಡಿ ಹಾಕುವನು, ದೂರ ನಿಂತು ನೋಡುವನು, ಮುಖ ಹಿಂಡುವನು. ಮಾವನವರನ್ನು ಮತ್ತೆ ಬಾಗಿಲಿಗೆ ನಿಲ್ಲಿಸುವಾಗಲಂತೂ, ಬನ್ನಿ, ಬಂದು ಅಡ್ಡ ನಿಲ್ಲಿ, ನಿಮ್ಮದೇ ಮನೆಯಲ್ಲವೇ ಎಂದು ಗೊಣಗಿದ. ಹನ್ನೊಂದಕ್ಕೆ ಜಾಗ ಸಿಕ್ಕಿತು. ಹನ್ನೆರಡನೆಯದು ಬೆರಳುದ್ದದ ಒಂದು ಹಿತ್ತಾಳೆ ತುಂಡು, ಮೈಗೆ ತಿರುಪು, ಬುಡದಲ್ಲಿ ಅಗಲವಾದ ಬಿಲ್ಲೆ.

ಅದನ್ನು ಕೈಯಲ್ಲಿ ಹಿಡಿದು ನೋಡಿದೆ. ತಿರುಪಿನ ಸಂದಿನಲ್ಲಿ ಬಿಳೀ ಸುಣ್ಣ ಕಟ್ಟಿತ್ತು. ಎಣ್ಣೆಯ ವಾಸನೆ ಇರಲಿಲ್ಲ. “ಮೇಸ್ತ್ರಿ, ಇದು ಈ ಮನೆಯದಲ್ಲ ಕಣಪ್ಪ” ಎಂದೆ.

ಎಂಜಿನ್ನಿನಲ್ಲೂ ನೀರು ಓಡಾಡುತ್ತದೆ, ಸುಣ್ಣ ಕಟ್ಟದೆ ಏನು ಎಂದ. ಮುಚ್ಚಳ ತೋರಿಸಿದ. ಭಾವ ಬರೆದ ಮೇಲೆ ಮುಗಿಯಿತು. ಕಡಲೆಬೀಜ ಕೊಂಡರೂ ಎಣಿಸಿ ಕೊಳ್ಳುತ್ತಿದ್ದ ಮನುಷ್ಯ ಹನ್ನೊಂದನ್ನು ಹನ್ನೆರಡು ಎನ್ನುತ್ತಾರೆಯೇ. ಇವನಂತೂ ಎಣಿಸಿದವನೇ ಅಲ್ಲ, ತಕರಾರಿಗೆ ದಾರಿಯೇ ಇರಲಿಲ್ಲ.

ಎಲ್ಲದಕ್ಕೂ ನೀನು ಯಾಕೆ ಎಂದು ಕೇಳುತ್ತಿದ್ದವನು ಆ ಹಿತ್ತಾಳೆಗೆ ತಾನೇ ವಕೀಲನಾದ. ಮಂಗಳವಾರವೆಲ್ಲ ಯೋಚಿಸಿ ಅದಕ್ಕೊಂದು ಉದ್ಯೋಗ ಹುಡುಕಿದ. ಮಾವನವರು ಸುಸ್ತಾದಾಗ ಒರಗಿಕೊಳ್ಳಲು ಬೆನ್ನ ಹಿಂದೆ ಇದು ಇರಬೇಕು, ಕಂಪನಿಯವರು ಬಹಳ ತಲೆ ಓಡಿಸಿ ಮಾಡಿದ್ದಾರೆ, ಅಂದು ಹುಡುಗುಬುದ್ಧಿಯಲ್ಲಿ ನನಗೆ ತಿಳಿಯಲಿಲ್ಲ ಎಂದ. ಅಂದು ಅವನಿಗೆ ಐವತ್ತನಾಲ್ಕು. ಅಲ್ಲೇ ಕೂರಿಸಿ ಸ್ಟಾರ್ಟ್ ಮಾಡಿದ. ಎಂಜಿನ್ ಹತ್ತಿತು, ಐದು ನಿಮಿಷಕ್ಕೆ ಕುದಿಯಿತು. ಗ್ಯಾರೇಜಿನ ತುಂಬ ಆವಿ. ನನಗೆ ಲಾಂಡ್ರಿಯ ಹಂಡೆ ನೆನಪಾಯಿತು.

ಬುಧವಾರ ಅದನ್ನು ಅಲ್ಲೇ ಇಟ್ಟು ಬೇರೊಂದನ್ನು ತೆಗೆದು ನೋಡಿದ. ಕುದಿಯಿತು. ಇನ್ನೊಂದನ್ನು ತೆಗೆದ. ಕುದಿಯಿತು. ಹನ್ನೊಂದನ್ನೂ ಸರದಿಯ ಮೇಲೆ ಹೊರಗಿಟ್ಟು ನೋಡುವಷ್ಟರಲ್ಲಿ ಗುರುವಾರ ಸಂಜೆಯಾಗಿತ್ತು. ಹಿತ್ತಾಳೆಯನ್ನು ತೆಗೆದರೆ ಮಾತ್ರ ಎಂಜಿನ್ ತಣ್ಣಗೆ ಓಡುತ್ತಿತ್ತು. ಯಾವುದನ್ನು ಬಿಡಬೇಕು ಎಂಬುದು ನನ್ನಂಥ ನನಗೂ ಗೊತ್ತಾಗಿತ್ತು. ಆದರೆ ಬಿಟ್ಟರೆ ಅಕ್ಕ ಬರುವುದಿಲ್ಲ.

ಶುಕ್ರವಾರ ಒಂದು ತಂತಿ ತುಂಡು ತಂದ. ಹಿತ್ತಾಳೆಯನ್ನು ಎಂಜಿನ್ನಿನ ಪಕ್ಕಕ್ಕೆ ಕಟ್ಟಿಬಿಡೋಣ, ಕೆಲಸ ಮಾಡದಿದ್ದರೂ ಪ್ರಯಾಣಿಕನ ಹಾಗೆ ಕೂತಿರಲಿ, ಒಳಗಿದೆ ಎಂದರೆ ಇದ್ದ ಹಾಗೇ ಅಲ್ಲವೇ ಎಂದು ನನ್ನ ಮುಖ ನೋಡಿದ.

“ಅವರು ಕೇಳಿದ್ರೆ ಇದೆ ಅಂತೀನಿ. ಎಲ್ಲಿದೆ ಅಂತ ಕೇಳಿದ್ರೆ ಕಟ್ಟಿದಾನೆ ಅಂತೀನಿ” ಎಂದೆ.

“ಯಾಕೆ ಕಟ್ಟಿದಾನೆ ಅಂತ ಕೇಳಿದ್ರೆ?”

“ನೀನು ಕುರ್ಚಿ ಒರೆಸಿದ್ದನ್ನ ಹೇಳ್ತೀನಿ.”

ತಂತಿಯನ್ನು ಮೂಲೆಗೆ ಎಸೆದ. ನಾನು ಮನೆಗೆ ಹೊರಟಾಗ ಹಿತ್ತಾಳೆಯನ್ನು ಹಾಸಿನ ನಟ್ಟನಡುವೆ ಒಂಟಿಯಾಗಿ ಇಟ್ಟು ಎದುರಿಗೆ ಕೂತಿದ್ದ.

ಶನಿವಾರ ಹತ್ತಕ್ಕೆ ಅಕ್ಕ ನಡೆದೇ ಬಂದರು. ಕೊಡೆ, ಕನ್ನಡಕ, ಇಸ್ತ್ರಿ ಮಾಡಿದ ಸೀರೆ. ಗ್ಯಾರೇಜಿನ ಬಾಗಿಲ ಕಬ್ಬಿಣದ ಪಟ್ಟಿಯ ಆಚೆಯೇ ನಿಂತರು. ನಾನು ಸ್ಟೂಲನ್ನು ಹೊರಗೆ ಹಾಕಿದೆ, ಕೂತರು. ಮೇಸ್ತ್ರಿ ಹೊಸ ಅಂಗಿ ಹಾಕಿಕೊಂಡು, ಪಾಠ ಬಾರದ ಹುಡುಗನ ಹಾಗೆ ಕೈ ಕಟ್ಟಿ ನಿಂತಿದ್ದ. ಅಕ್ಕ ಅವನ ಕಡೆ ನೋಡದೆ, ಶುರು ಮಾಡು ಎಂದರು. ಎಂಜಿನ್ ಹತ್ತಿತು. ಇಪ್ಪತ್ತು ನಿಮಿಷ ಅವರು ಕೈಗಡಿಯಾರ ನೋಡಿಕೊಂಡು ಕೂತಿದ್ದರು. ಕುದಿಯಲಿಲ್ಲ.

“ಲಾಂಡ್ರಿಯಮ್ಮ, ಎಲ್ಲಾ ಹೋಗಿದೆಯಾ?”

ನಾನು ಬಾಯಿ ತೆರೆಯುವ ಮೊದಲೇ ಅವನು ಅಂದ, “ಇಲ್ಲ ಅಕ್ಕ. ಒಂದು ಉಳೀತು. ಅದನ್ನ ಹಾಕಿದ್ರೆ ನಿನ್ನ ಕಾರು ಕೆಟ್ಟುಹೋಗುತ್ತೆ. ನೀನು ಬರದಿದ್ರೂ ಸರಿ, ನಡುರಸ್ತೇಲಿ ನೀನು ನಿಲ್ಲೋದು ಬೇಡ.”

ಅಕ್ಕ ನನ್ನ ಕಡೆ ನೋಡಿದರು. ಎಂಜಿನ್ನಿನದೆಲ್ಲ ಎಂಜಿನ್ನಿಗೆ ಹೋಗಿದೆ, ಉಳಿದದ್ದು ಎಂಜಿನ್ನಿನದಲ್ಲ, ನನಗೆ ಗೊತ್ತಿರುವುದು ಇಷ್ಟೇ ಎಂದು ಹಿತ್ತಾಳೆಯನ್ನು ತಂದು ಅವರ ಕೈಯಲ್ಲಿಟ್ಟೆ.

ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನೋಡಿದರು. ತಿರುಗಿಸಿ ನೋಡಿದರು. “ಇದು ನಮ್ಮ ಬಚ್ಚಲುಮನೆ ನಲ್ಲೀದು” ಎಂದರು.

ಮೇಸ್ತ್ರಿ ಹೋಗಿ ಎಂಜಿನ್ ಆರಿಸಿದ.

ಅಕ್ಕ ನಿಧಾನವಾಗಿ ಹೇಳಿದ್ದು ಇಷ್ಟು. ಒಂಬತ್ತು ವರ್ಷದಿಂದ ಅವರ ಬಚ್ಚಲಲ್ಲಿ ನಲ್ಲಿ ಇಲ್ಲ. ಒಳಗಿನ ತುಂಡು ಸವೆದಿದೆ, ಆ ಮಾದರಿ ಈಗ ಎಲ್ಲೂ ಸಿಗುವುದಿಲ್ಲ ಎಂದು ಭಾವ ನಲ್ಲಿಯ ಬಾಯಿಗೆ ಬಟ್ಟೆ ಬಿಗಿದು ಕಟ್ಟಿದ್ದರು. ಅಂದಿನಿಂದ ಅಡುಗೆಮನೆಯಿಂದ ಬಕೆಟ್ಟಿನಲ್ಲಿ ನೀರು ಹೊತ್ತು ಸ್ನಾನ. ಡಬ್ಬಿ ಮನೆಗೆ ಬಂದ ವಾರವೇ ಅವರು ಅದನ್ನು ಕಚೇರಿಗೆ ಒಯ್ದಿದ್ದರು, ತೂಕ ಮಾಡಿಸಲು ಎಂದು ಹೇಳಿದ್ದರು. ಅವರ ಪಕ್ಕದ ಮೇಜಿನ ಗುಮಾಸ್ತನ ಕಾರಿನಿಂದ ಹನ್ನೊಂದು ಹೊರಬಿದ್ದಿದ್ದವು. ಈ ಮಾತು ಬರುವಷ್ಟರಲ್ಲಿ ಅಕ್ಕನ ದನಿ ಸಣ್ಣಗಾಯಿತು.

“ನನ್ನೆದುರಿಗೆ ಸಿಟ್ಟು, ಆಫೀಸಲ್ಲಿ ಜಂಬ” ಎಂದರು. “ಒಂದು ಹೆಚ್ಚಿಗೆ ಇರಲಿ ಅಂತ ನನ್ನ ನಲ್ಲಿ ಬಿಚ್ಚಿದಾರೆ ಮಹಾನುಭಾವರು.”

ನಗುತ್ತಾರೋ ಅಳುತ್ತಾರೋ ತಿಳಿಯಲಿಲ್ಲ. ಎರಡೂ ಮಾಡಲಿಲ್ಲ. ಹಿತ್ತಾಳೆಯನ್ನು ಕರ್ಚೀಫಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಇನ್ನೊಂದು ಸಲ ಗಾಡಿ ಶುರು ಮಾಡು ಮರಿ ಎಂದರು. ಅರವತ್ತಮೂರು ವರ್ಷದ ಮರಿ ಓಡಿಹೋಗಿ ಶುರು ಮಾಡಿದ. ಅವರು ಕಿವಿಗೊಟ್ಟು ಕೇಳಿದರು. ಈ ಗರಗರ ಸದ್ದು ಯಾವುದು, ಮೊದಲು ಇರಲಿಲ್ಲ ಎಂದರು.

ಅದು ಸೋದರತ್ತೆ. ಬಿಸಿ ತಡೆಯುವ ತಗಡು ಒಂಬತ್ತು ವರ್ಷ ಡಬ್ಬಿಯಲ್ಲಿ ಮಡಚಿಕೊಂಡಿದ್ದು ಈಗ ಜಾಗದಲ್ಲಿ ಸರಿಯಾಗಿ ಕೂರದೆ ನಡುಗುತ್ತಿತ್ತು. ತೆಗಿ ಅದನ್ನ ಎಂದರು ಅಕ್ಕ.

ಇಲ್ಲಿ ನಾನು ಎಂದೂ ಕಾಣದ್ದನ್ನು ಕಂಡೆ. ಮೇಸ್ತ್ರಿ ಒಂದು ಸಾಮಾನಿನ ಪರವಾಗಿ ಅಡ್ಡ ನಿಂತ. ಹನ್ನೊಂದರಲ್ಲಿ ಹತ್ತನ್ನು ಬೇಕಾದರೆ ಈಗಲೇ ಕೀಳುತ್ತೇನೆ, ಇದೊಂದು ಇರಲಿ, ಇದನ್ನು ಅಂದು ತೆಗೆದದ್ದೇ ನನ್ನ ತಪ್ಪು, ಇಲ್ಲದಿದ್ದರೆ ಡ್ರೈವರ್ ಕಾಲಿಗೆ ಬಿಸಿ ಹೊಡೆಯುತ್ತದೆ ಎಂದ. ಅಕ್ಕ ಕೇಳಲಿಲ್ಲ. ಹತ್ತು ಇರಲಿ, ಇದೊಂದು ಹೋಗಲಿ. ಇಷ್ಟು ವರ್ಷ ಊರಿನವರ ಕಾರಿನಿಂದ ಏನೇನೋ ಕಿತ್ತವನಿಗೆ ನಾನು ಕೇಳಿದ ಒಂದನ್ನು ಕೀಳಲು ಆಗದೇ ಎಂದರು. ಇವನು ಬಾನೆಟ್ಟಿನೊಳಗೆ ತಲೆ ಹಾಕಿ ಬೇಕೆಂದೇ ಬೇರೆ ತಗಡನ್ನು ಮುಟ್ಟಿದ. ಅದಲ್ಲ ಎಂದರು. ಇನ್ನೊಂದನ್ನು ಮುಟ್ಟಿದ. ಅದೂ ಅಲ್ಲ, ಎಡಗಡೆ, ಕೆಳಗೆ, ಕಣ್ಣು ಕಾಣಲ್ವಾ ನಿನಗೆ ಎನ್ನುತ್ತ ಅಕ್ಕ ಸರಸರ ಬಂದು ಕೊಡೆಯ ತುದಿಯಿಂದ ಸೋದರತ್ತೆಯನ್ನು ಕುಟ್ಟಿ ತೋರಿಸಿದರು.

ಕಬ್ಬಿಣದ ಪಟ್ಟಿ ದಾಟಿ ಹತ್ತು ಹೆಜ್ಜೆ ಒಳಗೆ ಬಂದಿದ್ದರು. ಅವರಿಗೆ ಗೊತ್ತಾಗಿರಲಿಲ್ಲ. ಅವನಿಗೆ ಗೊತ್ತಾಯಿತು, ಬಗ್ಗಿದವನು ಮೇಲೇಳಲೇ ಇಲ್ಲ. ನಾನು ಸ್ಟೂಲನ್ನು ಎತ್ತಿಕೊಂಡು ಒಳಗೆ ತಂದಿಟ್ಟೆ.

ತಗಡು ತೆಗೆದ. ಬೇಕು ಎಂದು ಗೊತ್ತಿದ್ದೂ ಅವನು ಹೊರಗಿಟ್ಟದ್ದು ಅದೊಂದೇ. ಆ ಮಧ್ಯಾಹ್ನ ಅಕ್ಕ ಎರಡನೆಯ ಕುರ್ಚಿಯ ಮೇಲೆ ಕೂತು ಉಂಡರು. ಉಪ್ಪು ಕಡಿಮೆ ಎಂದರು, ಎರಡನೆಯ ಸಲ ಬಡಿಸಿಕೊಂಡರು. ಆಮೇಲೆ ಕಾರು ಓಡಿಸುವಾಗ ಅವರ ಕಾಲಿಗೆ ಬಿಸಿ ಹೊಡೆಯುತ್ತಿತ್ತು. ಒಪ್ಪಿಕೊಳ್ಳಲಿಲ್ಲ. ಕಾಲ ಕೆಳಗೆ ಒದ್ದೆ ಗೋಣಿ ಹಾಕಿಕೊಂಡು, ಸೆಕೆ ನೋಡಿ ಈ ವರ್ಷ ಎನ್ನುತ್ತಿದ್ದರು.

ಅವನು ಕಾಯುತ್ತಿದ್ದ ಅಕ್ಕ ಬಂದರು, ಬಂದವರು ಬರುವುದನ್ನು ಬಿಡಲಿಲ್ಲ. ದಿನಾ ಹತ್ತಕ್ಕೆ ಬಂದು ನನ್ನ ಪಕ್ಕದಲ್ಲಿ ಕೂರುತ್ತಿದ್ದರು. ವಿಚಾರಣೆಗೆ ಈಗ ಹೆಡ್ ಟೀಚರು ಅಧ್ಯಕ್ಷರು. ಚಹಾದ ಲೋಟ ಖಾಲಿಯಾದರೆ ತೀರ್ಪು ಎಂದು ಗೊತ್ತಾದ ಮೇಲೆ ಲೋಟಕ್ಕೆ ತಾವೇ ಮತ್ತೆ ಮತ್ತೆ ಸುರಿಯುತ್ತಿದ್ದರು. ಎರಡು ವರ್ಷದಲ್ಲಿ ಇಡೀ ಊರಿನಿಂದ ಡಬ್ಬಿಗೆ ಹೋದದ್ದು ಒಟ್ಟು ನಾಲ್ಕು ವಾಷರು. ಗಿರಾಕಿಗಳಿಗೆ ಬೇಸರವಾಯಿತು. ಮೇಸ್ತ್ರಿ ಹೊಟ್ಟೆ ತುಂಬ ಚಹಾ ಕುಡಿದು ಸುಮ್ಮನಿರುತ್ತಿದ್ದ. ಯಾಕೋ ಬಿಟ್ಟುಕೊಟ್ಟೆ ಎಂದು ಕೇಳಿದೆ. ಯಾವುದು ಬೇಕು ಯಾವುದು ಬೇಡ ಅನ್ನುವುದು ಈಗ ಅಷ್ಟು ಖಾತ್ರಿಯಿಲ್ಲ ಅತ್ತಿಗೆ ಎಂದ.

ಆಮೇಲೆ ಅವನಿಗೆ ಎದೆಯ ಕಾಯಿಲೆ ಬಂತು. ಆಸ್ಪತ್ರೆಯಲ್ಲಿ ಕಿಟಕಿಯ ಪಕ್ಕದ ಮಂಚ. ಅಕ್ಕ ಬೆಳಿಗ್ಗೆ ಬಂದು ಡಾಕ್ಟರು ಬರೆದ ಅಷ್ಟೂ ಮಾತ್ರೆಗಳನ್ನು ಒಂದೂ ಬಿಡದೆ ಸಾಲಾಗಿಟ್ಟು ನುಂಗಿಸುತ್ತಿದ್ದರು. ಅವನು ಒಂದಕ್ಕೂ ನೀನು ಯಾಕೆ ಎಂದು ಕೇಳಲಿಲ್ಲ. ಕೊನೆಯ ಗುರುವಾರ ನಾನು ಹೋದಾಗ ಮಧ್ಯಾಹ್ನ ದಾಟಿತ್ತು. ಅಕ್ಕ ಗೋಡೆಗೆ ಒರಗದೆ ನೆಟ್ಟಗೆ ಕೂತಿದ್ದರು, ಕಣ್ಣು ಗುಳಿ ಬಿದ್ದಿತ್ತು. ನರ್ಸು ಕರೆದಳೆಂದು ಬಾಗಿಲ ತನಕ ಹೋದರು. ಅವನು ನನ್ನ ಸೆರಗಿನ ತುದಿ ಹಿಡಿದು ಎಳೆದ.

“ಅತ್ತಿಗೆ, ಬೆಳಿಗ್ಗೆಯಿಂದ ಅಕ್ಕ ಏನೂ ತಿಂದಿಲ್ಲ. ನಾನು ಹೇಳಿದ್ರೆ ಬೈತಾಳೆ. ನಿಮಗೆ ಹಸಿವು, ಒಬ್ಬರೇ ಹೋಗೋಕೆ ಬೇಜಾರು ಅಂತ ಹೇಳಿ ಕರ್ಕೊಂಡು ಹೋಗಿ. ಎರಡನೇ ಸಲ ಬಡಿಸಿಕೊಳ್ಳೋ ತನಕ ಏಳೋಕೆ ಬಿಡ್ಬೇಡಿ.”

ನಾನು ಮನೆಯಲ್ಲಿ ಉಂಡು ಬಂದಿದ್ದೆ. ಬಾಗಿಲ ಹತ್ತಿರ ಹೋಗಿ, ನನಗೆ ಹಸಿವಾಗ್ತಿದೆ ಟೀಚರಮ್ಮ, ಜೊತೆಗೆ ಬನ್ನಿ ಎಂದೆ.